ಉಪ್ಪು ತಿಂದ ಕಾರು

ಹಳೆಯ ಕಾರಿನಲ್ಲಿ ಒಂದು ದಿನ ಬ್ರೇಕು ಒತ್ತುವಾಗ
ಗಿಲೇನಳ ಕಾಲಡಿಯಲ್ಲಿ ರಸ್ತೆ ಕಂಡಿತು.
ಮ್ಯಾಟು ಸರಿಸಿದರೆ ಅಂಗೈ ಅಗಲದ ತೂತು,
ತೂತಿನೊಳಗೆ ಓಡುವ ಡಾಂಬರು, ಒಂದು ಬಿಳಿ ಗೆರೆ,
ಮತ್ತೆ ಡಾಂಬರು.
ಮನೆಗೆ ಬಂದವಳು ಕೋಟೂ ಬಿಚ್ಚದೆ ಹೇಳಿದಳು:
ಇನ್ನೊಂದು ಕಾರನ್ನು ಈ ಊರಿನ ಉಪ್ಪಿಗೆ ಉಣಬಡಿಸುವುದಿಲ್ಲ.

ಶಿಕುಟಿಮಿಯಲ್ಲಿ ನವೆಂಬರಿನಿಂದ ಏಪ್ರಿಲ್ ತನಕ
ಬೀದಿಗೆ ಉಪ್ಪು ಎರಚುತ್ತಾರೆ ನಗರಸಭೆಯವರು,
ಮೀನು ಒಣಗಿಸುವವರೂ ಅಷ್ಟು ಧಾರಾಳಿಗಳಲ್ಲ.
ಚಕ್ರಕ್ಕೆ ಒಳ್ಳೆಯದು, ತಗಡಿಗೆ ಗೆದ್ದಲು.
ಅಂಗಳದಲ್ಲಿ ತೊಳೆದರೆ ನೀರು ಬಿದ್ದಲ್ಲೇ ಗಾಜು.
ಪೆಟ್ರೋಲ್ ಬಂಕಿನ ಯಂತ್ರದಲ್ಲಿ ತೊಳೆಸಿದ ದಿನ
ನಾಲ್ಕೂ ಬಾಗಿಲು ಹೆಪ್ಪುಗಟ್ಟಿ, ಡಿಕ್ಕಿಯಿಂದ ನುಸುಳಿ
ಹೊರಬಿದ್ದವಳು ಇವಳು, ಐವತ್ತೆಂಟನೆಯ ವಯಸ್ಸಿನಲ್ಲಿ,
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು.

ಹಾಗಾಗಿ ಗ್ಯಾರೇಜು.
ನನ್ನ ದೋಣಿ ಸೂರಿಗೆ ನೇತುಬಿತ್ತು.
ಹನ್ನೊಂದು ವರ್ಷದಿಂದ ನಾಳೆ ರಿಪೇರಿಯಾಗುತ್ತಿದ್ದ
ಮೂರು ಕುರ್ಚಿಗಳು ನೆಟ್ಟಗೆ ಒಲೆಗೆ ಹೋದವು.
ನಾನು ಏನೂ ಹೇಳಲಿಲ್ಲ.
ಹೇಳಿದೆ, ಆದರೆ ಗೇತಾನನ ಗರಗಸ ಶುರುವಾಗಿತ್ತು.

ಗೇತಾನ್ ಅವಳ ತಮ್ಮ, ಕಾಂಕ್ರೀಟು ಕೊಯ್ಯುವವನು.
ನೆಲದ ನಡುವೆ ಒಂದು ಕಾಲುವೆ ಸೀಳಿದ,
ಕೊನೆಗೊಂದು ಕೆಸರುಗುಂಡಿ, ಎಣ್ಣೆ ತಡೆಯುವ ಡಬ್ಬಿ,
ಮೇಲೆ ಕಬ್ಬಿಣದ ಜಾಲರಿ.
ಇಳಿಜಾರು ಮೀಟರಿಗೆ ಎರಡು ಸೆಂಟಿಮೀಟರು.
ನಾನು ರಸಮಟ್ಟ ಹಿಡಿದು ಕುಕ್ಕರಗಾಲಲ್ಲಿ ಕೂತೆ.
ನಲವತ್ತು ವರ್ಷ ಗುಳ್ಳೆ ನಡುವೆ ನಿಲ್ಲಲೆಂದು ಉಸಿರು ಬಿಗಿಹಿಡಿದವನು
ಮೊದಲ ಸಲ ಅದು ಸರಿಯಲಿ ಎಂದು ಕಾದೆ.

ಗೋಡೆಗೆ ಬಿಳಿ ಪ್ಲಾಸ್ಟಿಕ್ಕಿನ ಹಾಳೆ,
ಸ್ವಿಚ್ಚು ನನ್ನ ಭುಜದೆತ್ತರ, ಅದಕ್ಕೊಂದು ರಬ್ಬರಿನ ಟೊಪ್ಪಿ.
ದೀಪಗಳನ್ನು ಅಡ್ಡಡ್ಡ ಹಾಕಿಸಿದಳು,
ಬಾಗಿಲಿನ ಕೆಳಗಿನ ಅಂಚೂ ಕಾಣಬೇಕಂತೆ,
ತುಕ್ಕು ಮೇಲಿನಿಂದ ಬರುವುದಿಲ್ಲವಂತೆ.
ಸೂರಿನಲ್ಲಿ ಸುತ್ತುವ ತೋಳು, ತೋಳಿನಿಂದ ಪೈಪು.
ಆವಿ ಎಳೆಯುವ ಫ್ಯಾನಿಗೆ ಮುದಿ ಕೋಳಿಯ ದನಿ,
ಅದರ ಬಗ್ಗೆ ಇನ್ನೂ ಜಗಳವಿದೆ.

ಪರೀಕ್ಷೆಗೆ ಒಂದು ಬಕೆಟ್ ನೀರು.
ಮೂವರೂ ನಿಂತು ನೋಡಿದೆವು.
ನೀರು ಕಾಲುವೆಯತ್ತ ಹೊರಟಿತು, ಅರ್ಧ ದಾರಿಯಲ್ಲಿ
ಏನೋ ನೆನಪಾದಂತೆ ತಿರುಗಿ
ಈಶಾನ್ಯದ ಮೂಲೆಗೆ ನಡೆದು, ಫ್ರೀಜರಿನ ಮುಂದೆ
ತಟ್ಟೆಯಗಲಕ್ಕೆ ಕೂತುಬಿಟ್ಟಿತು.
ಗೇತಾನ್ ಸೂರಿನ ದೀಪಗಳನ್ನು ಬಹಳ ಹೊತ್ತು ಮೆಚ್ಚಿದ.
ಗಿಲೇನ್ ಸೀಮೆಸುಣ್ಣ ತಂದು, ನೀರಿನ ಸುತ್ತ ಗೆರೆ ಎಳೆದು
ಬರೆದಳು: ಗೇತಾನ್ ಸರೋವರ.
ಈಜಲು ನಿಷೇಧ.

ಫೆಬ್ರವರಿ. ಸೊನ್ನೆಗೆ ಇಪ್ಪತ್ತೆಂಟು ಕೆಳಗೆ.
ಬೂದಿ ಬಳಿದಂತೆ ಕಾರು ಒಳಗೆ ಬಂತು,
ಬಾಗಿಲು ಇಳಿಯಿತು, ಕೋಳಿ ಕೂಗಲು ಹಿಡಿಯಿತು.
ಅವಳು ಹೊಳಪಿನ ಗೋಜಿಗೆ ಹೋಗಲೇ ಇಲ್ಲ.
ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ
ಚಕ್ರದ ಕಮಾನು, ಹೊಟ್ಟೆಯ ಅಡಿ,
ಯಾರೂ ನೋಡದ ಮಡಿಕೆಗಳಿಗೆಲ್ಲ ಬಿಸಿನೀರು ಹೊಡೆದಳು.
ಉಪ್ಪು ತಿಂದಮೇಲೆ ನೀರು ಕುಡಿಯಲೇಬೇಕು,
ಕುಡಿ, ಎಂದಳು ಕಾರಿಗೆ. ಬಸ್ಸಿನ ಮಕ್ಕಳಿಗೆ
ಬೆಲ್ಟು ಹಾಕು ಎನ್ನುತ್ತಿದ್ದ ಅದೇ ದನಿ.

ಗುಂಡಿಯಿಂದ ನಾನು ಎತ್ತಿದ ಕೆಸರು ಅರ್ಧ ಬಕೆಟ್.
ಒಂದೇ ವಾರದ ರಸ್ತೆ. ಇಷ್ಟು ಭಾರ ಇರಬಹುದೆಂದು
ಗೊತ್ತಿರಲಿಲ್ಲ.

ಕಿಟಕಿಯೆಲ್ಲ ಹಬೆ. ಪೈಪು ಇನ್ನೂ ಕೈಯಲ್ಲೇ ಇತ್ತು.
ಅವಳ ಕಣ್ಣು ನನ್ನ ಬೂಟಿನ ಮೇಲೆ ಬಿತ್ತು,
ಸ್ಮೆಲ್ಟರಿನ ಗೇಟಿನಿಂದ ನಿಲ್ದಾಣದವರೆಗೆ ನಡೆದ ಬೂಟು,
ಕಣಕಾಲಿನ ಸುತ್ತ ಬಿಳಿ ಉಪ್ಪಿನ ವರ್ತುಲಗಳು,
ಒಂದರ ಮೇಲೊಂದು, ಮರದ ವಯಸ್ಸಿನಂತೆ.

ಜಾಲರಿಯ ಮೇಲೆ ನಿಲ್ಲು, ಎಂದಳು.
ನಿಂತೆ.
ಎಡಗಾಲು, ಎಂದಳು.